ತುರ್ತುಚಿಕಿತ್ಸಾ ವಿಭಾಗದಲ್ಲಿ ವೈದ್ಯರೂ ದಾದಿಯರೂ: ಒಂದು ಚಾರಿತ್ರಿಕ ವಿವೇಚನೆ

ಆಸ್ಪತ್ರೆಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಕಟ್ಟಡಗಳನ್ನೂ ದಾನಿಗಳನ್ನೂ ಹೆಸರಾಂತ ಶಸ್ತ್ರವೈದ್ಯರನ್ನೂ ಕುರಿತು ಬರೆದಿದ್ದಾರೆ. ಆ ಕಟ್ಟಡಗಳ ಒಳಗೆ ಕೆಲಸ ಹೇಗೆ ಹಂಚಿಕೆಯಾಗಿತ್ತು, ಯಾರು ಯಾರಿಗೆ ಏನನ್ನು ಹೇಳಬಹುದಾಗಿತ್ತು, ಯಾವುದನ್ನು ಹೇಳಕೂಡದಾಗಿತ್ತು ಎಂಬ ಪ್ರಶ್ನೆಗಳು ಇತಿಹಾಸಕಾರರ ಗಮನವನ್ನು ಸೆಳೆದದ್ದು ತೀರ ಈಚೆಗೆ. ಆದರೆ ರೋಗಿಯ ಪಾಲಿಗೆ ಕಟ್ಟಡಕ್ಕಿಂತ ಈ ಹಂಚಿಕೆಯೇ ಮುಖ್ಯವಾದುದು. ಆಸ್ಪತ್ರೆಯ ಇತರ ಭಾಗಗಳಲ್ಲಿ ಕೆಲಸದ ಹಂಚಿಕೆ ಕೆಟ್ಟದಾಗಿದ್ದರೆ ರೋಗಿಗೆ ತೊಂದರೆಯಾಗುತ್ತದೆ. ನಮ್ಮ ಜನ ಇಂದಿಗೂ ಕ್ಯಾಷುಯಾಲ್ಟಿ ಎಂದು ಕರೆಯುವ ತುರ್ತುಚಿಕಿತ್ಸಾ ವಿಭಾಗದಲ್ಲಿ ಅದು ಕೆಟ್ಟರೆ ಪ್ರಾಣವೇ ಹೋಗುತ್ತದೆ. ಆದುದರಿಂದ ವೈದ್ಯ ಮತ್ತು ದಾದಿ ಇವರಿಬ್ಬರ ಸಂಬಂಧ ಬದಲಾದ ಬಗೆಯನ್ನು ಅರಿಯಬೇಕೆನ್ನುವವರು ಈ ವಿಭಾಗದ ಬಾಗಿಲಲ್ಲಿ ನಿಂತು ನೋಡುವುದು ಲೇಸು.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳಬೇಕು. ತುರ್ತುಚಿಕಿತ್ಸಾ ವಿಭಾಗದ ವಿಶೇಷವಿರುವುದು ಅಲ್ಲಿಗೆ ಬರುವ ರೋಗಗಳಲ್ಲಿ ಅಲ್ಲ, ಕಾಲದಲ್ಲಿ. ಹೃದಯ ಬಡಿಯುವುದನ್ನು ನಿಲ್ಲಿಸಿದರೆ ಕೆಲವೇ ನಿಮಿಷಗಳಲ್ಲಿ ಮಿದುಳು ಹಾನಿಗೊಳ್ಳತೊಡಗುತ್ತದೆ. ಇತರ ವಿಭಾಗಗಳಲ್ಲಿ ದಾದಿ ನೋಡಿ, ವೈದ್ಯನಿಗೆ ತಿಳಿಸಿ, ವೈದ್ಯನು ಬಂದು ಪರೀಕ್ಷಿಸಿ, ಅಪ್ಪಣೆಯನ್ನು ಬರೆದು, ದಾದಿ ಅದನ್ನು ನೆರವೇರಿಸುವ ಕ್ರಮಕ್ಕೆ ಎಡೆಯುಂಟು. ಇಲ್ಲಿ ಆ ಕ್ರಮದ ಪ್ರತಿಯೊಂದು ಮೆಟ್ಟಿಲೂ ರೋಗಿಯ ಆಯುಸ್ಸಿನಿಂದ ಕಡಿದುಕೊಂಡ ನಿಮಿಷವಾಗುತ್ತದೆ. ಮೇಲಾಗಿ, ಬಾಗಿಲಲ್ಲಿ ರೋಗಿಯನ್ನು ಮೊದಲು ಕಾಣುವವಳು ಪ್ರಾಯಶಃ ಎಲ್ಲ ದೇಶಗಳಲ್ಲಿಯೂ ದಾದಿಯೇ. ನಿರ್ಣಯಿಸುವ ಅಧಿಕಾರ ಒಬ್ಬರಿಗೆ, ಮೊದಲು ಕಾಣುವ ಕಣ್ಣು ಮತ್ತೊಬ್ಬರಿಗೆ: ಈ ಒಂದು ವೈಷಮ್ಯವನ್ನು ಸರಿಪಡಿಸಿಕೊಳ್ಳುವುದಕ್ಕಾಗಿ ನಡೆದ ಪ್ರಯತ್ನಗಳೇ ನಮ್ಮ ವಿಷಯ.

ಈ ಸಂಬಂಧವನ್ನು ಕುರಿತ ಹಳೆಯ ಭಾವನೆ ನಮ್ಮ ಭಾಷೆಯಲ್ಲಿಯೇ ಅಡಗಿದೆ. ಶುಶ್ರೂಷೆ ಎಂಬ ಸಂಸ್ಕೃತ ಶಬ್ದ ಕೇಳು ಎಂಬರ್ಥದ ಧಾತುವಿನಿಂದ ಬಂದದ್ದು. ಕೇಳುವ ಇಚ್ಛೆ ಎಂಬುದೇ ಅದರ ಮೂಲಾರ್ಥ. ಹೇಳಿದುದನ್ನು ಕೇಳುವುದು, ಅದರಿಂದ ವಿಧೇಯತೆ, ಅದರಿಂದ ಸೇವೆ, ಕೊನೆಗೆ ರೋಗಿಯ ಉಪಚಾರ—ಹೀಗೆ ಅರ್ಥ ಹರಿದುಬಂದಿದೆ. ಚರಕಸಂಹಿತೆ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ದ್ರವ್ಯ, ಉಪಸ್ಥಾತೃ ಎಂದರೆ ಪರಿಚಾರಕ, ಮತ್ತು ರೋಗಿ. ಪರಿಚಾರಕನಿಗೆ ಉಪಚಾರದ ಜ್ಞಾನವೂ ದಕ್ಷತೆಯೂ ರೋಗಿಯಲ್ಲಿ ಅನುರಾಗವೂ ಶುಚಿತ್ವವೂ ಇರಬೇಕೆಂದು ವಿಧಿಸಿ, ನಾಲ್ವರಲ್ಲಿ ವೈದ್ಯನೇ ಪ್ರಧಾನನೆಂದು ಅದು ಸಾರುತ್ತದೆ. ಅಡಿಗೆಯವನಿಗೆ ಪಾತ್ರೆ, ಸೌದೆ, ಬೆಂಕಿ ಹೇಗೋ ವೈದ್ಯನಿಗೆ ಉಳಿದ ಮೂವರು ಹಾಗೆ. ಪರಿಚಾರಕನಿಗೆ ಜ್ಞಾನವಿರಬೇಕೆಂದ ಗ್ರಂಥವೇ ಅವನನ್ನು ಉಪಕರಣಗಳ ಸಾಲಿನಲ್ಲಿಯೂ ನಿಲ್ಲಿಸಿತೆಂಬುದು ಗಮನಾರ್ಹ. ಇದೇ ಇಬ್ಬಗೆ ಐರೋಪ್ಯ ಆಸ್ಪತ್ರೆಗಳಲ್ಲಿಯೂ ಬಹುಕಾಲ ಉಳಿದಿತ್ತು.

ಆಧುನಿಕ ಕಾಲದಲ್ಲಿ ದಾದಿಯ ವೃತ್ತಿ ರೂಪುಗೊಂಡದ್ದು ಕ್ರಿಮಿಯಾ ಯುದ್ಧದಲ್ಲಿ (1853–56) ಎಂಬುದನ್ನು ನಮ್ಮ ಶಾಲೆಯ ಮಕ್ಕಳೂ ಬಲ್ಲರು. ಆದರೆ ಅವರು ಬಲ್ಲುದು ಯುದ್ಧದ ಒಂದು ಪಕ್ಷದ ಕಥೆಯನ್ನು ಮಾತ್ರ. ಫ್ಲಾರೆನ್ಸ್ ನೈಟಿಂಗೇಲ್ 38 ಮಂದಿ ದಾದಿಯರೊಡನೆ 1854ನೆಯ ನವೆಂಬರ್ 4ರಂದು ಸ್ಕುಟಾರಿಯ ಬ್ರಿಟಿಷ್ ಸೈನಿಕ ಆಸ್ಪತ್ರೆಗೆ ಬಂದಾಗ ಅಲ್ಲಿಯ ವೈದ್ಯರು ಅವಳನ್ನು ಆದರದಿಂದ ಕಾಣಲಿಲ್ಲ. ಆಕೆ ಕೈಗೊಂಡ ಉಪಾಯ ವಿಚಿತ್ರವಾದುದು: ವೈದ್ಯರು ಕರೆಯುವವರೆಗೆ ತನ್ನ ದಾದಿಯರಲ್ಲಿ ಯಾರೂ ರೋಗಿಗಳನ್ನು ಮುಟ್ಟಕೂಡದೆಂದು ಆಜ್ಞೆ ಮಾಡಿದಳು. ಮರುದಿನವೇ ಇಂಕರ್‌ಮನ್ ಕದನ ನಡೆದು ಗಾಯಾಳುಗಳ ಪ್ರವಾಹ ಬಂದಿತು, ವೈದ್ಯರು ಕರೆಯಲೇಬೇಕಾಯಿತು. ಆ ಆಜ್ಞೆ ಸಂದರ್ಭಕ್ಕೆ ತಕ್ಕ ಚಾತುರ್ಯವಾಗಿದ್ದಿತೆಂಬುದರಲ್ಲಿ ಸಂಶಯವಿಲ್ಲ. ಆದರೆ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವಳ ಹೆಸರಿನ ಶಿಕ್ಷಣಶಾಲೆ ಪ್ರಾರಂಭವಾಗಿ, ಅಲ್ಲಿ ಕಲಿತವರು ಬ್ರಿಟಿಷ್ ಸಾಮ್ರಾಜ್ಯದ ಉದ್ದಗಲಕ್ಕೂ ಹರಡಿದಾಗ, ಆ ಚಾತುರ್ಯವೇ ಶಾಶ್ವತ ನಿಯಮವಾಗಿ ನಿಂತಿತು. ವೈದ್ಯನ ಅಪ್ಪಣೆಯಿಲ್ಲದೆ ಚಿಕಿತ್ಸೆಯ ವಿಷಯದಲ್ಲಿ ದಾದಿ ಏನನ್ನೂ ಮಾಡಕೂಡದು. ದಾದಿಯರ ಮೇಲೆ ಆಡಳಿತ ದಾದಿಯದೇ. ರೋಗಿಯ ಮೇಲೆ ನಿರ್ಣಯ ವೈದ್ಯನದೇ.

ಅದೇ ಚಳಿಗಾಲದಲ್ಲಿ, ಅದೇ ಯುದ್ಧದಲ್ಲಿ, ಎದುರು ಪಕ್ಷದಲ್ಲಿ ಬೇರೊಂದು ಪ್ರಯೋಗ ನಡೆಯಿತು. ಸೆವಾಸ್ಟೊಪೋಲ್ ನಗರವನ್ನು ಬ್ರಿಟಿಷರೂ ಫ್ರೆಂಚರೂ ತುರ್ಕರೂ ಮುತ್ತಿದ್ದಾಗ ಅಲ್ಲಿ ಶಸ್ತ್ರವೈದ್ಯನಾಗಿದ್ದವನು ನಿಕೊಲಾಯ್ ಪಿರಗೋಫ್ (1810–81). ರಾಜಮನೆತನದ ಎಲೆನಾ ಪಾವ್ಲೊವ್ನಾ 1854ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಸ್ಥಾಪಿಸಿದ ಸೇವಾಸಂಘದ ಸೋದರಿಯರು ಅವನ ಕೈಕೆಳಗೆ ಕೆಲಸಮಾಡಿದರು. ಶ್ರೀಮಂತರ ಸಭಾಭವನವೊಂದು ಬಂಡೇಜು ಕಟ್ಟುವ ಮುಖ್ಯ ಕೇಂದ್ರವಾಯಿತು. ಅಲ್ಲಿಗೆ ಬಂದ ಗಾಯಾಳುಗಳನ್ನು ಬಂದ ಸರದಿಯಲ್ಲಿ ನೋಡುತ್ತಹೋದರೆ ಎಲ್ಲರನ್ನೂ ಕಳೆದುಕೊಳ್ಳಬೇಕಾಗುವುದೆಂದು ಪಿರಗೋಫ್ ಬೇಗನೆ ಕಂಡುಕೊಂಡನು. ಬಾಗಿಲಲ್ಲಿಯೇ ಅವರನ್ನು ಐದು ವರ್ಗಗಳಾಗಿ ವಿಂಗಡಿಸುವ ಏರ್ಪಾಡಾಯಿತು: ಕೂಡಲೇ ಶಸ್ತ್ರಚಿಕಿತ್ಸೆ ಬೇಕಾದವರು ಒಂದೆಡೆ, ಕಾಯಬಲ್ಲವರು ಒಂದೆಡೆ, ಅಲ್ಪಗಾಯದವರು ಒಂದೆಡೆ, ಬದುಕುವ ಆಸೆಯೇ ಇಲ್ಲದವರು ಮತ್ತೊಂದೆಡೆ. ಈ ಕಡೆಯವರನ್ನು ಸೋದರಿಯರಿಗೂ ಪಾದ್ರಿಗಳಿಗೂ ಒಪ್ಪಿಸಲಾಗುತ್ತಿತ್ತು. ಸೋದರಿಯರೂ ಕೆಲಸಕ್ಕೆ ಅನುಗುಣವಾಗಿ ಪಂಗಡಗಳಾದರು. ಬಂಡೇಜು ಕಟ್ಟುವವರು, ಔಷಧಗಳನ್ನು ನೋಡಿಕೊಳ್ಳುವವರು, ಮನೆವಾರ್ತೆಯನ್ನು ಅಂದರೆ ಆಹಾರ, ಬಟ್ಟೆ, ಉಗ್ರಾಣಗಳನ್ನು ನೋಡಿಕೊಳ್ಳುವವರು ಎಂದು.

ಈ ಮೂರನೆಯ ಪಂಗಡ ಕಾಣುವುದಕ್ಕೆ ಸಾಮಾನ್ಯವೆನಿಸಿದರೂ ವಾಸ್ತವವಾಗಿ ಬಹು ಮುಖ್ಯವಾದುದು. ರೋಗಿಗಳಿಗೆಂದು ಬಂದ ಸಾಮಗ್ರಿಯನ್ನು ಅಧಿಕಾರಿಗಳು ನುಂಗುತ್ತಿದ್ದ ಕಾಲದಲ್ಲಿ ಉಗ್ರಾಣದ ಮೇಲೆ ಕಣ್ಣಿಟ್ಟು ಕಳ್ಳತನವನ್ನು ತಡೆದವರು ಈ ಸೋದರಿಯರೇ. ಪಿರಗೋಫ್ ಅವರಿಗೆ ಈ ಅಧಿಕಾರವನ್ನು ಬುದ್ಧಿಪೂರ್ವಕವಾಗಿಯೇ ಕೊಟ್ಟನು. ಸ್ಕುಟಾರಿಯಲ್ಲಿ ದಾದಿ ಕರೆಗಾಗಿ ಕಾದಳು. ಸೆವಾಸ್ಟೊಪೋಲಿನಲ್ಲಿ ಅವಳ ಕಾರ್ಯಕ್ಷೇತ್ರವನ್ನು ಮೊದಲೇ ಗೊತ್ತುಮಾಡಿ, ಅದರೊಳಗೆ ಅವಳಿಗೆ ಸ್ವಾತಂತ್ರ್ಯವನ್ನು ಕೊಡಲಾಯಿತು. ಎರಡನ್ನೂ ಇಂದು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಎರಡನೆಯದು ತುರ್ತುಚಿಕಿತ್ಸೆಯ ಸ್ವಭಾವಕ್ಕೆ ಹೆಚ್ಚು ಹೊಂದುತ್ತದೆಂದು ನನ್ನ ಅಭಿಪ್ರಾಯ. ಪ್ರಪಂಚ ಕಲಿತದ್ದು ಮಾತ್ರ ಮೊದಲನೆಯದನ್ನು. ನಾವು ಇಂದಿಗೂ ದಾದಿಯನ್ನು ಸಿಸ್ಟರ್ ಎಂದೇ ಸಂಬೋಧಿಸುತ್ತೇವೆ. ಗಂಡಸರು ಈ ವೃತ್ತಿಗೆ ಬಂದ ಮೇಲೆ ಅವರನ್ನು ಬ್ರದರ್ ಎನ್ನುವುದೂ ರೂಢಿಯಾಗಿದೆ. ಸನ್ಯಾಸಿನಿಯರ ಮಠಗಳಿಂದ ಬಂದ ಈ ಸಂಬೋಧನೆಯಲ್ಲಿ ಗೌರವವೂ ಇದೆ, ವಿಧೇಯತೆಯ ನಿರೀಕ್ಷೆಯೂ ಇದೆ.

ಗಾಯಾಳುಗಳನ್ನು ವಿಂಗಡಿಸುವ ಆಲೋಚನೆ ಪಿರಗೋಫನಿಗಿಂತ ಹಳೆಯದು. ನೆಪೋಲಿಯನ್ನನ ಸೈನ್ಯದ ಶಸ್ತ್ರವೈದ್ಯ ಡೊಮಿನಿಕ್ ಲಾರೇ (1766–1842) ಪದವಿಯನ್ನು ನೋಡದೆ ಗಾಯದ ತೀವ್ರತೆಯನ್ನು ನೋಡಿ ಚಿಕಿತ್ಸೆ ಮಾಡಬೇಕೆಂದು ವಿಧಿಸಿದ್ದನು. ಉಣ್ಣೆಯನ್ನೂ ಕಾಫಿಬೀಜವನ್ನೂ ದರ್ಜೆಗಳಾಗಿ ಬೇರ್ಪಡಿಸುವುದಕ್ಕೆ ಬಳಸುತ್ತಿದ್ದ ಟ್ರಯಾಜ್ ಎಂಬ ಫ್ರೆಂಚ್ ಮಾತು ಮೊದಲನೆಯ ಮಹಾಯುದ್ಧದ ಹೊತ್ತಿಗೆ ಸೈನಿಕ ವೈದ್ಯರ ಪರಿಭಾಷೆಯಾಯಿತು. ಆದರೆ ಯುದ್ಧಭೂಮಿಯಲ್ಲಿ ವಿಂಗಡಿಸುತ್ತಿದ್ದವನು ವೈದ್ಯನೇ, ಅದರಲ್ಲಿಯೂ ಅನುಭವಿಯಾದ ವೈದ್ಯ. ಆ ಕೆಲಸ ಊರಿನ ಆಸ್ಪತ್ರೆಗೆ ಬಂದು ದಾದಿಯ ಕೈಸೇರಿದ ಕಥೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧಕ್ಕೆ ಸೇರಿದುದು. ಅದರ ಮೊದಲ ಭಾಗ ಹೆಚ್ಚಾಗಿ ಅಮೆರಿಕೆಯಲ್ಲಿ ನಡೆದದ್ದು.

1950ರ ದಶಕದ ಅಮೆರಿಕೆಯಲ್ಲಿ ತುರ್ತುಚಿಕಿತ್ಸಾ ವಿಭಾಗವೆಂದರೆ ಬಹುಪಾಲು ಆಸ್ಪತ್ರೆಗಳಲ್ಲಿ ಹಿಂಬದಿಯ ಒಂದು ಕೋಣೆ. ಅಲ್ಲಿಗೆಂದೇ ನೇಮಕವಾದ ವೈದ್ಯರಿರಲಿಲ್ಲ. ದೊಡ್ಡ ಆಸ್ಪತ್ರೆಯಾದರೆ ಆಗತಾನೆ ಪದವಿ ಪಡೆದ ತರುಣರು ಸರದಿಯ ಮೇಲೆ ಬರುತ್ತಿದ್ದರು. ಚಿಕ್ಕದಾದರೆ ದಾದಿ ಟೆಲಿಫೋನು ಮಾಡಿ ಊರಿನ ವೈದ್ಯರೊಬ್ಬರನ್ನು ಮನೆಯಿಂದ ಕರೆಸಬೇಕಾಗಿತ್ತು. ಕೋಣೆಯಲ್ಲಿ ಸದಾ ಇರುತ್ತಿದ್ದವಳು ದಾದಿ ಒಬ್ಬಳೇ. 1961ರಲ್ಲಿ ವರ್ಜೀನಿಯ ಸಂಸ್ಥಾನದ ಅಲೆಕ್ಸಾಂಡ್ರಿಯ ನಗರದಲ್ಲಿ ಜೇಮ್ಸ್ ಮಿಲ್ಸ್ ಎಂಬ ವೈದ್ಯರು ಮೂವರು ಸಹೋದ್ಯೋಗಿಗಳೊಡನೆ ತಮ್ಮ ಸ್ವಂತ ವೃತ್ತಿಯನ್ನು ಬಿಟ್ಟು ಹಗಲಿರುಳೂ ಈ ವಿಭಾಗದಲ್ಲಿಯೇ ಕೆಲಸಮಾಡಲು ಒಪ್ಪಿದ್ದು ಒಂದು ನೂತನ ವೃತ್ತಿಯ ಆರಂಭವೆನ್ನಬೇಕು. ಆ ದೇಶದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ 1966ರಲ್ಲಿ ಪ್ರಕಟಿಸಿದ ವರದಿಯಂತೆ ಅದರ ಹಿಂದಿನ ಒಂದೇ ವರ್ಷದಲ್ಲಿ ಅಪಘಾತಗಳಿಂದ ಸತ್ತವರು 1,07,000 ಮಂದಿ. ಆ ವರದಿ ಎಬ್ಬಿಸಿದ ಕಳವಳದಿಂದ ತುರ್ತುವೈದ್ಯಕ್ಕೆ ಪ್ರತ್ಯೇಕ ಸ್ಥಾನ ದೊರೆಯತೊಡಗಿತು. 1968ರಲ್ಲಿ ವೈದ್ಯರ ಸಂಘವೂ 1970ರಲ್ಲಿ ದಾದಿಯರ ಸಂಘವೂ ಹುಟ್ಟಿದುವು. ದಾದಿಯರ ಸಂಘದ ಸ್ಥಾಪಕರಲ್ಲಿ ಒಬ್ಬಳಾದ ಅನೀಟ ಡಾರ್, ಪ್ರಾಣಾಪಾಯದ ಸಮಯದಲ್ಲಿ ಬೇಕಾಗುವ ಉಪಕರಣ ಔಷಧಗಳನ್ನೆಲ್ಲ ಒಂದೇ ತಳ್ಳುಬಂಡಿಯಲ್ಲಿ ಜೋಡಿಸಿಡುವ ಏರ್ಪಾಡನ್ನು 1960ರ ದಶಕದ ಕೊನೆಯಲ್ಲಿ ತಾನೇ ರೂಪಿಸಿದವಳು. ವೈದ್ಯನು ಕೇಳಿದ ಮೇಲೆ ಹುಡುಕಿ ತರುವುದಕ್ಕೂ, ಕೇಳುವ ಮೊದಲೇ ಅವನ ಕೈಯಳತೆಯಲ್ಲಿ ಇಟ್ಟಿರುವುದಕ್ಕೂ ಎಷ್ಟು ಅಂತರವೆಂಬುದು ಇಂಥ ಕೋಣೆಯಲ್ಲಿ ದುಡಿದವರಿಗೆ ತಿಳಿದಿರುತ್ತದೆ.

ಇದಕ್ಕಿಂತಲೂ ದೊಡ್ಡ ಬದಲಾವಣೆ ಹೃದ್ರೋಗದ ವಾರ್ಡಿನಿಂದ ಬಂದಿತು. ಎದೆಯನ್ನು ತೆರೆಯದೆ ಹೊರಗಿನಿಂದ ಒತ್ತಿ ರಕ್ತ ಹರಿಯುವಂತೆ ಮಾಡಬಹುದೆಂಬುದನ್ನು ಜಾನ್ಸ್ ಹಾಪ್‌ಕಿನ್ಸ್ ಸಂಸ್ಥೆಯ ಕೌವೆನ್‌ಹೋವೆನ್, ಜೂಡ್ ಮತ್ತು ನಿಕರ್‌ಬಾಕರ್ ಎಂಬವರು 1960ರಲ್ಲಿ ಪ್ರಕಟಿಸಿದರು. ಎರಡು ಕೈಗಳಿದ್ದವರು ಯಾರಾದರೂ ಮಾಡಬಹುದಾದ ಕ್ರಿಯೆ ಇದು. ವೈದ್ಯನ ಪದವಿ ಬೇಕಿಲ್ಲ. ಆದರೆ ಲಯತಪ್ಪಿ ಅದುರುವ ಹೃದಯವನ್ನು ದಾರಿಗೆ ತರಲು ವಿದ್ಯುದಾಘಾತ ಬೇಕು, ಅದೂ ಕೆಲವೇ ನಿಮಿಷಗಳೊಳಗೆ. 1960ರ ದಶಕದ ಮೊದಲಲ್ಲಿ ಹೃದ್ರೋಗಿಗಳಿಗೆಂದೇ ಪ್ರತ್ಯೇಕ ವಾರ್ಡುಗಳು ತೆರೆದಾಗ ಪ್ರಶ್ನೆ ಎದ್ದಿತು: ಯಂತ್ರದ ಪರದೆಯ ಮೇಲೆ ಲಯ ಕೆಟ್ಟುದನ್ನು ಕಂಡ ದಾದಿ ವೈದ್ಯನನ್ನು ಕರೆಯಬೇಕೆ, ಗುಂಡಿಯನ್ನು ಒತ್ತಬೇಕೆ? ಕರೆದರೆ ನಿಯಮವನ್ನು ಪಾಲಿಸಿದಂತಾಯಿತು, ರೋಗಿ ಸತ್ತನು. ಫಿಲಡೆಲ್ಫಿಯದ ವೈದ್ಯ ಲಾರೆನ್ಸ್ ಮೆಲ್ಟ್‌ಜರ್ ಮತ್ತು ದಾದಿ ರೋಸ್ ಪಿನಿಯೊ ಇವರು ದಾದಿಯರಿಗೆ ಹೃದಯದ ವಿದ್ಯುತ್‌ಲೇಖವನ್ನು ಓದಲೂ ವಿದ್ಯುದಾಘಾತವನ್ನು ಕೊಡಲೂ ಕಲಿಸಿದರು. 1965ರಲ್ಲಿ ಪ್ರಕಟವಾದ ಅವರ ಕೈಪಿಡಿ ದಾದಿಯರಿಗಾಗಿಯೇ ಬರೆದದ್ದು. ಪರದೆಯನ್ನು ನೋಡಿ ಅದು ಯಾವ ಲಯವೆಂದು ತೀರ್ಮಾನಿಸುವುದು ರೋಗನಿರ್ಣಯವಲ್ಲದೆ ಮತ್ತೇನು? ನೂರು ವರ್ಷ ಕಾಪಾಡಿಕೊಂಡು ಬಂದ ಗೆರೆಯನ್ನು ದಾಟಿದ್ದು ಯಾವ ಚಳವಳಿಯಿಂದಲೂ ಅಲ್ಲ, ನಿಮಿಷಗಳ ಲೆಕ್ಕದಿಂದ.

ಆದರೆ ಕೈಗೆ ಅಧಿಕಾರ ಬಂದಷ್ಟು ಸುಲಭವಾಗಿ ಬಾಯಿಗೆ ಬರಲಿಲ್ಲ. 1967ರಲ್ಲಿ ಲೆನರ್ಡ್ ಸ್ಟೈನ್ ಎಂಬ ಮನೋವೈದ್ಯರು ವೈದ್ಯ ಮತ್ತು ದಾದಿ ಆಡುವ ಒಂದು ಆಟವನ್ನು ವರ್ಣಿಸಿ ಚಿಕ್ಕ ಪ್ರಬಂಧವನ್ನು ಬರೆದರು. ಆಟದ ನಿಯಮ ಇದು: ರೋಗಿಗೆ ಏನು ಬೇಕೆಂಬುದನ್ನು ದಾದಿ ಸೂಚಿಸಬೇಕು, ಆದರೆ ಸೂಚಿಸಿದಂತೆ ಕಾಣಕೂಡದು, ವೈದ್ಯನು ಅವಳ ಸಲಹೆಯನ್ನು ಪಡೆಯಬೇಕು, ಆದರೆ ಕೇಳಿದಂತೆ ಕಾಣಕೂಡದು. ಅವರು ಕೊಡುವ ನಿದರ್ಶನದಲ್ಲಿ ರಾತ್ರಿಯ ಹೊತ್ತು ದಾದಿ ಟೆಲಿಫೋನಿನಲ್ಲಿ, ತಂದೆಯ ಮರಣವಾರ್ತೆಯನ್ನು ಕೇಳಿದ ರೋಗಿಗೆ ನಿದ್ರೆ ಬರುತ್ತಿಲ್ಲವೆಂದು ತಿಳಿಸುತ್ತಾಳೆ. ಹಿಂದೆ ಯಾವ ಔಷಧ ಅವಳಿಗೆ ಗುಣಕೊಟ್ಟಿತ್ತೆಂದು ವೈದ್ಯನು ವಿಚಾರಿಸುತ್ತಾನೆ, ದಾದಿ ಔಷಧವನ್ನೂ ಪ್ರಮಾಣವನ್ನೂ ಹೇಳುತ್ತಾಳೆ, ಅವನು ಅದನ್ನೇ ಅಪ್ಪಣೆಯಾಗಿ ತಿರುಗಿ ಹೇಳುತ್ತಾನೆ. ನಿರ್ಣಯಿಸಿದವಳು ಅವಳು, ಅಪ್ಪಣೆ ಅವನದು. ಇಬ್ಬರ ಮಾನವೂ ಉಳಿಯಿತು, ರೋಗಿಗೂ ನಿದ್ರೆ ಬಂದಿತು. ಅತ್ತೆಯ ಯಜಮಾನಿಕೆಗೆ ಕುಂದು ಬಾರದಂತೆ ಮನೆ ನಡಸಿಕೊಂಡು ಹೋಗುವ ಸೊಸೆಯರನ್ನು ಕಂಡಿರುವ ನಮ್ಮ ವಾಚಕರಿಗೆ ಈ ಆಟವನ್ನು ಹೆಚ್ಚಾಗಿ ವಿವರಿಸಬೇಕಾದ ಅಗತ್ಯವಿಲ್ಲ.

ಈ ಆಟದಲ್ಲಿ ಸೊಗಸಿದೆ, ಆದರೆ ಅದಕ್ಕೆ ಎರಡು ಷರತ್ತುಗಳಿವೆ. ಒಂದನೆಯದು, ಕಾಲಾವಕಾಶ. ಎರಡನೆಯದು, ಸೂಚನೆಯನ್ನು ಗ್ರಹಿಸುವಷ್ಟು ಸಮಾಧಾನದಲ್ಲಿ ವೈದ್ಯನು ಇರುವುದು. ಪ್ರಾಣಾಪಾಯದ ಸಮಯದಲ್ಲಿ ಎರಡೂ ಇರುವುದಿಲ್ಲ. 2005ರಲ್ಲಿ ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ಮೂಗಿನ ಸಣ್ಣ ಶಸ್ತ್ರಚಿಕಿತ್ಸೆಗೆಂದು ಬಂದ ತರುಣ ಗೃಹಿಣಿಯೊಬ್ಬಳಿಗೆ ಅರಿವಳಿಕೆ ಕೊಟ್ಟ ಕೂಡಲೆ ಉಸಿರಿನ ದಾರಿ ಮುಚ್ಚಿತು. ನಡೆದದ್ದು ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ, ತುರ್ತು ವಿಭಾಗದಲ್ಲಿ ಅಲ್ಲ. ಆದರೂ ಆ ನಿಮಿಷಗಳ ಸ್ವರೂಪ ಒಂದೇ. ನುರಿತ ವೈದ್ಯರು ಬಾಯಿಯ ಮೂಲಕ ನಳಿಕೆಯನ್ನಿಡಲು ಮತ್ತೆ ಮತ್ತೆ ಯತ್ನಿಸುತ್ತಲೇ ಹೋದರು. ಕುತ್ತಿಗೆಯಲ್ಲಿ ರಂಧ್ರಮಾಡಿ ಉಸಿರಾಡಿಸಬೇಕಾದ ಸಮಯ ಬಂದಿತೆಂಬುದನ್ನು ಅಲ್ಲಿದ್ದ ದಾದಿಯರು ಗ್ರಹಿಸಿದ್ದರು. ಒಬ್ಬಳು ಅದಕ್ಕೆ ಬೇಕಾದ ಉಪಕರಣಗಳನ್ನು ತಂದು, ತಂದಿರುವುದಾಗಿ ಹೇಳಿದಳು. ಇನ್ನೊಬ್ಬಳು ತೀವ್ರನಿಗಾ ವಾರ್ಡಿನಲ್ಲಿ ಹಾಸಿಗೆಯನ್ನು ಗೊತ್ತುಮಾಡಿ ಬಂದು ತಿಳಿಸಿದಳು. ವೈದ್ಯರ ನೋಟವನ್ನು ಕಂಡು, ತಾನು ಅತಿಮಾಡಿದೆನೆಂದುಕೊಂಡು, ಅದನ್ನು ಬೇಡವೆಂದು ಹಿಂತೆಗೆದುಕೊಂಡಳು. ಹದಿಮೂರು ದಿನಗಳ ಅನಂತರ ರೋಗಿ ತೀರಿಕೊಂಡಳು. ಅವಳ ಪತಿ ವಿಮಾನಚಾಲಕನಾಗಿದ್ದವನು. ವಿಮಾನ ಬಿದ್ದಾಗ ಮಾಡುವಂತೆ ಇಲ್ಲಿಯೂ ವಿಚಾರಣೆಯಾಗಬೇಕೆಂದು ಅವನು ಕೇಳಿಕೊಂಡುದರಿಂದ ಈ ವಿವರಗಳು ಹೊರಬಂದವು.

ಉಪಕರಣಗಳನ್ನು ತಂದಿದ್ದೇನೆ ಎಂಬ ಆ ಮಾತನ್ನು ಸ್ವಲ್ಪ ವಿಚಾರಿಸಿ ನೋಡಬೇಕು. ಅದು ಸ್ಟೈನ್ ವರ್ಣಿಸಿದ ಆಟದ ಒಂದು ನಡೆ. ಈಗಲೇ ಇದನ್ನು ಮಾಡಿರಿ ಎಂದು ಅವಳು ಹೇಳಲಿಲ್ಲ. ಹೇಳುವ ಅಧಿಕಾರ ತನಗಿದೆಯೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಸೂಚಿಸಿದಳು, ಸೂಚನೆ ಕೇಳಬೇಕಾದವರ ಕಿವಿಗೆ ಬೀಳಲಿಲ್ಲ. ಇಲ್ಲಿ ಅಜ್ಞಾನಿಗಳು ಯಾರೂ ಇರಲಿಲ್ಲ, ಅಲಕ್ಷ್ಯಮಾಡಿದವರೂ ಇರಲಿಲ್ಲ. ಜ್ಞಾನ ಕೋಣೆಯೊಳಗೇ ಇತ್ತು; ಒಬ್ಬರಿಂದ ಮತ್ತೊಬ್ಬರಿಗೆ ದಾಟುವ ದಾರಿ ಮಾತ್ರ ಇರಲಿಲ್ಲ.

ವಿಧೇಯತೆಯ ಅಪಾಯಕ್ಕೆ ಇನ್ನೊಂದು ಮುಖವೂ ಉಂಟು. 1966ರಲ್ಲಿ ಚಾರ್ಲ್ಸ್ ಹಾಫ್ಲಿಂಗ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ ಗುರುತಿಲ್ಲದ ವೈದ್ಯನೊಬ್ಬನು ಟೆಲಿಫೋನಿನಲ್ಲಿ, ಸೀಸೆಯ ಮೇಲೆ ಬರೆದಿದ್ದ ಗರಿಷ್ಠ ಪ್ರಮಾಣದ ಎರಡರಷ್ಟು ಔಷಧವನ್ನು ಕೊಡುವಂತೆ ಹೇಳಿದನು. ಔಷಧ ಹೆಸರಿಗಷ್ಟೆ, ನಿರಪಾಯಕರ. ಆದರೆ ಇದು ದಾದಿಯರಿಗೆ ತಿಳಿಯದು. 22 ಮಂದಿಯಲ್ಲಿ 21 ಮಂದಿ ಕೊಡಲು ಹೊರಟರು, ಅವರನ್ನು ತಡೆಯಬೇಕಾಯಿತು. ಈ ಪ್ರಯೋಗವನ್ನು ಉದಾಹರಿಸುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತಾರೆ, ಅದು ನ್ಯಾಯವಲ್ಲ. 1977ರಲ್ಲಿ ಇದನ್ನು ಸ್ವಲ್ಪ ಬದಲಿಸಿ ಮತ್ತೊಮ್ಮೆ ನಡಸಿದಾಗ, ಎಂದರೆ ದಾದಿಯರಿಗೆ ಪರಿಚಿತವಾದ ಔಷಧವನ್ನು ಹೇಳಿ, ಜೊತೆಯವರೊಡನೆ ಮಾತನಾಡಲು ಅವಕಾಶವನ್ನೂ ಬಿಟ್ಟಾಗ, 18 ಮಂದಿಯಲ್ಲಿ ಕೊಡಲು ಸಿದ್ಧರಾದವರು ಇಬ್ಬರೇ. ವಿಧೇಯತೆ ದಾದಿಯರ ಸ್ವಭಾವವಲ್ಲ, ಅವರನ್ನು ಒಂಟಿಯಾಗಿಯೂ ಕತ್ತಲೆಯಲ್ಲಿಯೂ ಇರಿಸಿದುದರ ಫಲ ಎಂಬುದು ಈ ಎರಡು ಸಂಖ್ಯೆಗಳನ್ನು ಹೋಲಿಸಿದವರಿಗೆ ತೋರದಿರದು.

ಹೀಗಿರುವಲ್ಲಿ ತುರ್ತುಚಿಕಿತ್ಸಾ ವಿಭಾಗಗಳು ಕಂಡುಕೊಂಡ ಪರಿಹಾರ ಯಾವುದು? ಸಮಾನತೆ ಎಂದು ಕೆಲವರು ಹೇಳುತ್ತಾರೆ. ನನಗೆ ಅದು ಸರಿಯಾದ ಮಾತಾಗಿ ತೋರುವುದಿಲ್ಲ. ಒಬ್ಬ ನಾಯಕನಿಲ್ಲದೆ ಆ ಕೋಣೆಯಲ್ಲಿ ಕೆಲಸ ಸಾಗದು. ನಡೆದದ್ದು ಬೇರೊಂದು ಸಂಗತಿ. ಅವಸರದಲ್ಲಿ ಮಾಡಬೇಕಾದ ವಾದವನ್ನು ಅವಸರವಿಲ್ಲದಾಗ ಮಾಡಿ ಮುಗಿಸಿ, ಅದರ ತೀರ್ಮಾನವನ್ನು ಬರೆದಿಟ್ಟುಕೊಳ್ಳುವುದು. ಎದೆನೋವೆಂದು ಬಂದವನಿಗೆ ವೈದ್ಯನ ಅಪ್ಪಣೆಗಾಗಿ ಕಾಯದೆ ದಾದಿಯೇ ಹೃದಯದ ವಿದ್ಯುತ್‌ಲೇಖವನ್ನು ತೆಗೆಯುತ್ತಾಳೆ. ಬಂದ ಹತ್ತು ನಿಮಿಷಗಳೊಳಗೆ ಅದನ್ನು ತೆಗೆದು ವೈದ್ಯನು ನೋಡಿರಬೇಕೆಂದು ಅಂಗೀಕೃತ ನಿಯಮ. ಹೀಗೆ ಮಾಡುವಾಗ ಅವಳು ಅಪ್ಪಣೆಯನ್ನು ಮೀರುತ್ತಿಲ್ಲ. ಅಪ್ಪಣೆ ರೋಗಿಗಿಂತ ಮೊದಲೇ ಬಂದು ಕುಳಿತಿದೆ. ಪಿರಗೋಫನು ಸೋದರಿಯರ ಕಾರ್ಯಕ್ಷೇತ್ರವನ್ನು ಮುಂಚೆಯೇ ಗೊತ್ತುಮಾಡಿದ್ದನ್ನು ಇಲ್ಲಿ ನೆನೆಯಬಹುದು.

ಬಾಗಿಲಿನ ವಿಂಗಡಣೆಯೂ ಇದೇ ತತ್ತ್ವದ ಮೇಲೆ ನಿಂತಿದೆ. ಆಸ್ಟ್ರೇಲಿಯದಲ್ಲಿ 1993ರಲ್ಲಿ ಐದು ದರ್ಜೆಗಳ ಒಂದು ಮಾನ ದೇಶಕ್ಕೆಲ್ಲ ಏಕರೂಪವಾಗಿ ಏರ್ಪಟ್ಟಿತು: ಮೊದಲ ದರ್ಜೆಯವನನ್ನು ಕೂಡಲೇ, ಎರಡನೆಯವನನ್ನು 10 ನಿಮಿಷಗಳಲ್ಲಿ, ಮುಂದಿನವರನ್ನು ಕ್ರಮವಾಗಿ 30, 60, 120 ನಿಮಿಷಗಳಲ್ಲಿ ನೋಡತಕ್ಕದ್ದು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದಲ್ಲಿ 1994ರಲ್ಲಿ ವೈದ್ಯರೂ ದಾದಿಯರೂ ಕೂಡಿ ಕುಳಿತು ಇನ್ನೊಂದು ಪದ್ಧತಿಯನ್ನು ಸಿದ್ಧಪಡಿಸತೊಡಗಿದರು. ಅದು 1997ರಲ್ಲಿ ಪುಸ್ತಕವಾಗಿ ಬಂದಿತು. ಅದರ ಜಾಣ್ಮೆ ಇರುವುದು ರೋಗದ ಹೆಸರನ್ನು ಎತ್ತದಿರುವುದರಲ್ಲಿ. ಹೊಟ್ಟೆನೋವು, ತಲೆಗೆ ಪೆಟ್ಟು, ಉಸಿರಾಟದ ಕಷ್ಟ, ಹೀಗೆ ರೋಗಿ ಹೇಳುವ ದೂರಿನಿಂದಲೇ ದಾದಿ ಹೊರಡುತ್ತಾಳೆ. ಉಸಿರಿನ ದಾರಿ ತೆರೆದಿದೆಯೆ, ರಕ್ತ ನಿಲ್ಲದೆ ಹರಿಯುತ್ತಿದೆಯೆ, ಪ್ರಜ್ಞೆ ಇದೆಯೆ ಎಂದು ಗೊತ್ತಾದ ಪ್ರಶ್ನೆಗಳನ್ನು ಮೇಲಿನಿಂದ ಕೆಳಕ್ಕೆ ಕೇಳುತ್ತ ಬಂದು, ಅಪಾಯವನ್ನು ಸೂಚಿಸುವ ಉತ್ತರ ಎಲ್ಲಿ ಸಿಕ್ಕಿತೋ ಅಲ್ಲಿಯ ಬಣ್ಣವನ್ನು ಕೊಡುತ್ತಾಳೆ: ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ. ಏನು ರೋಗವೆಂಬುದನ್ನು ಅವಳು ಹೇಳುವುದಿಲ್ಲ, ಎಷ್ಟು ಹೊತ್ತು ಕಾಯಬಹುದೆಂಬುದನ್ನು ಮಾತ್ರ ಹೇಳುತ್ತಾಳೆ. ಹೀಗೆ ನಿರ್ಣಯದ ಹಕ್ಕು ವೈದ್ಯನಲ್ಲಿಯೇ ಉಳಿಯಿತು, ಸರದಿಯ ಹಕ್ಕು ದಾದಿಗೆ ಬಂದಿತು. ಇದರಲ್ಲಿ ಕಾನೂನಿನ ಕಣ್ಣುಕಟ್ಟು ಸ್ವಲ್ಪ ಇದೆಯೆಂದು ಹೇಳಿದರೆ ತಪ್ಪಾಗದು; ಕಾಯಬಲ್ಲನೆಂದು ತೀರ್ಮಾನಿಸುವುದಕ್ಕೂ ರೋಗವನ್ನು ಊಹಿಸುವುದಕ್ಕೂ ನಡುವಣ ಗೋಡೆ ತೆಳುವಾದುದು. ಆದರೂ ಈ ಗೋಡೆಯ ಆಶ್ರಯದಲ್ಲಿ ಕೆಲಸ ಸುಸೂತ್ರವಾಗಿ ನಡೆಯುತ್ತಿದೆ.

ಮಾತಿನ ವಿಷಯದಲ್ಲಿಯೂ ಇಂಥದೇ ಒಪ್ಪಂದ. ಪ್ರಾಣಾಪಾಯದಲ್ಲಿರುವ ರೋಗಿಯ ಸುತ್ತ ಯಾರು ಎಲ್ಲಿ ನಿಲ್ಲಬೇಕೆಂಬುದನ್ನು ಮೊದಲೇ ಗೊತ್ತುಮಾಡಿರುತ್ತಾರೆ. ನಾಯಕನು ಹೆಚ್ಚಾಗಿ ಕಾಲದೆಸೆಯಲ್ಲಿ, ಕೈಹಾಕದೆ, ಎಲ್ಲವೂ ಕಾಣುವಂತೆ ನಿಲ್ಲುತ್ತಾನೆ. ಒಬ್ಬರು ಉಸಿರಿನ ದಾರಿಗೆ, ಒಬ್ಬರು ಎದೆಯೊತ್ತಲು, ಒಬ್ಬರು ಔಷಧಕ್ಕೆ, ಒಬ್ಬರು ಗಡಿಯಾರ ನೋಡಿ ಬರೆಯಲು. ನಾಯಕನು ಔಷಧದ ಹೆಸರನ್ನೂ ಪ್ರಮಾಣವನ್ನೂ ಹೇಳುತ್ತಾನೆ. ದಾದಿ ಅದನ್ನು ಹಾಗೆಯೇ ತಿರುಗಿ ಹೇಳುತ್ತಾಳೆ. ಕೊಟ್ಟ ಮೇಲೆ ಕೊಟ್ಟೆನೆಂದು ಗಟ್ಟಿಯಾಗಿ ತಿಳಿಸುತ್ತಾಳೆ. ನಮ್ಮ ಹಳೆಯ ಪಾಠಶಾಲೆಗಳ ಸಂತೆಯನ್ನು ನೆನಪಿಗೆ ತರುವ ಈ ಪದ್ಧತಿಯಲ್ಲಿ ತಿರುಗಿ ಹೇಳುವುದು ಕೇವಲ ವಿಧೇಯತೆಯಲ್ಲ. ಹತ್ತರಷ್ಟು ಪ್ರಮಾಣ ಬಾಯಿತಪ್ಪಿ ಬಂದಿದ್ದರೆ ಅದು ಎರಡನೆಯ ಬಾಯಲ್ಲಿ ಕೇಳಿದಾಗ ಹೇಳಿದವನಿಗೇ ತಿಳಿಯುತ್ತದೆ. ಇದು ಸರಿಯೆ ಎಂದು ಕೇಳಲು ದಾದಿಗೂ ಒಂದು ಗೊತ್ತಾದ ಸ್ಥಳ ದೊರೆಯುತ್ತದೆ. ಈ ಅಭ್ಯಾಸ ವಿಮಾನಚಾಲಕರಿಂದಲೂ ನೌಕಾಪಡೆಯಿಂದಲೂ ಆಸ್ಪತ್ರೆಗೆ ಬಂದದ್ದು. 1977ರಲ್ಲಿ ಟೆನೆರೀಫ್ ದ್ವೀಪದ ನಿಲ್ದಾಣದಲ್ಲಿ ಎರಡು ವಿಮಾನಗಳು ಡಿಕ್ಕಿ ಹೊಡೆದು 583 ಮಂದಿ ಸತ್ತಾಗ, ಹಿರಿಯ ಚಾಲಕನ ನಿರ್ಧಾರವನ್ನು ಕಿರಿಯರು ಸಂದೇಹಿಸಿಯೂ ಗಟ್ಟಿಯಾಗಿ ತಡೆಯದೆ ಹೋದದ್ದು ಕಾರಣಗಳಲ್ಲೊಂದಾಗಿತ್ತು. ಸಂದೇಹವನ್ನು ಹೇಳುವುದಕ್ಕೂ ಒಂದು ರೂಢಿಯ ಮಾತು ಇರಬೇಕೆಂಬುದನ್ನು ವಿಮಾನಯಾನದವರು ಅಂದಿನಿಂದ ಕಲಿಸತೊಡಗಿದರು.

ನಮ್ಮ ದೇಶದಲ್ಲಿ ಈ ಕಥೆ ತಡವಾಗಿ ಪ್ರಾರಂಭವಾಯಿತು. ಗಾಯಗೊಂಡು ಬಂದವನನ್ನು ಪೋಲೀಸರ ವಿಧಿವಿಧಾನಗಳಿಗಾಗಿ ಕಾಯಿಸದೆ ಮೊದಲು ಬದುಕಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ ಪರಮಾನಂದ ಕಟಾರಾ ಪ್ರಕರಣದಲ್ಲಿ ಆದೇಶಿಸಿದ್ದು 1989ರಲ್ಲಿ. ತುರ್ತುವೈದ್ಯವನ್ನು ಅಂದಿನ ಭಾರತೀಯ ವೈದ್ಯಕೀಯ ಪರಿಷತ್ತು ಪ್ರತ್ಯೇಕ ಶಾಸ್ತ್ರವೆಂದು ಅಂಗೀಕರಿಸಿದ್ದು 2009ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು, 2008ರ ನವೆಂಬರ್‌ನಲ್ಲಿ, ಕರ್ನಾಟಕದಲ್ಲಿ 108ರ ಆಂಬುಲೆನ್ಸುಗಳು ಓಡಾಡತೊಡಗಿದ್ದವು. ರೋಗಿ ಬೇಗ ಬಂದು ತಲಪಿದಷ್ಟೂ ಬಾಗಿಲಲ್ಲಿ ನಿಂತವರ ಹೊಣೆ ಹೆಚ್ಚುತ್ತದೆ. ದಾದಿಯರ ಶಿಕ್ಷಣ 1947ರ ಅಧಿನಿಯಮವೊಂದರ ಆಧಾರದ ಮೇಲೆ ನಡೆದುಬಂದಿತು. ಅದರ ಸ್ಥಾನದಲ್ಲಿ ಹೊಸದೊಂದನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿತು. ಈ ಅಂತರಗಳಲ್ಲಿ ನಮ್ಮ ಜಿಲ್ಲಾ ಆಸ್ಪತ್ರೆಗಳ ಕ್ಯಾಷುಯಾಲ್ಟಿಗಳನ್ನು ನಡಸಿದವರು ಸರದಿಯ ಮೇಲೆ ಬಂದುಹೋಗುವ ಕಿರಿಯ ವೈದ್ಯರೂ, ಅದೇ ಬಾಗಿಲಲ್ಲಿ ವರ್ಷಗಟ್ಟಲೆ ನಿಂತ ದಾದಿಯರೂ. ಹಾವು ಕಚ್ಚಿದವನನ್ನೂ ಕೀಟನಾಶಕ ಕುಡಿದವನನ್ನೂ ನೂರಾರು ಸಲ ಕಂಡ ದಾದಿ, ಮೊದಲ ಸಲ ಕಾಣುತ್ತಿರುವ ತರುಣ ವೈದ್ಯನಿಗೆ ಯಾವ ಮಾತಿನಲ್ಲಿ ಏನನ್ನು ಸೂಚಿಸಿದಳು, ಅವನು ಎಷ್ಟನ್ನು ಗ್ರಹಿಸಿದನು ಎಂಬುದೇ ನಮ್ಮ ಪ್ರಾಂತದ ವೈದ್ಯಕೀಯ ಇತಿಹಾಸದ ಒಂದು ಪ್ರಕರಣ. ಸ್ಟೈನ್ ಮತ್ತು ಸಂಗಡಿಗರು 1990ರಲ್ಲಿ ತಮ್ಮ ವಿಷಯಕ್ಕೆ ಹಿಂದಿರುಗಿ, ಅಮೆರಿಕೆಯ ದಾದಿಯರು ತಾವಾಗಿಯೇ ಆಟವನ್ನು ನಿಲ್ಲಿಸಿಬಿಟ್ಟಿದ್ದಾರೆಂದು ಬರೆದರು. ಇಲ್ಲಿ ಅದು ಎಲ್ಲಿ ನಿಂತಿದೆ, ಎಲ್ಲಿ ನಡೆಯುತ್ತಿದೆ ಎಂಬುದನ್ನು ತಿಳಿಯಲು ಆಸ್ಪತ್ರೆಯಲ್ಲಿ ಎರಡು ಬಗೆಯ ದಾಖಲೆಗಳು ದೊರೆಯುತ್ತವೆ: ವೈದ್ಯನು ಬರೆದ ರೋಗಿಯ ಹಾಳೆ ಒಂದು, ಪಾಳಿ ಬದಲಾಗುವಾಗ ದಾದಿ ಬರೆದಿಡುವ ವರದಿ ಪುಸ್ತಕ ಇನ್ನೊಂದು. ಒಂದೇ ರಾತ್ರಿಯನ್ನು, ಒಬ್ಬನೇ ರೋಗಿಯನ್ನು ಕುರಿತ ಈ ಎರಡು ಬರವಣಿಗೆಗಳನ್ನು ಎದುರುಬದುರಾಗಿಟ್ಟು ಓದುವ ಕೆಲಸವನ್ನು ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳು, ಆಸ್ಪತ್ರೆಯ ಅನುಮತಿಯನ್ನು ಪಡೆದು, ರೋಗಿಗಳ ಹೆಸರುಗಳನ್ನು ಬಿಟ್ಟು, ಕೈಗೊಳ್ಳಬಹುದಾಗಿದೆ. ವರದಿ ಪುಸ್ತಕಗಳನ್ನು ಮೊದಲು ನೋಡಬೇಕು. ರದ್ದಿಗೆ ಹೋಗುವ ಸರದಿಯಲ್ಲಿ ಮುಂದಿರುವುವು ಅವೇ.